ಕ್ಯಾಸನೋವಾ ಫ್ಲೈ ಎಂಬ ಅಂಕಿತ: ‘ರ‍್ಯಾಪರ್ಸ್ ಡಿಲೈಟ್’ ಪ್ರಕರಣ

1979ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್‌ನ ಶುಗರ್ ಹಿಲ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿ 12 ಇಂಚಿನ ಒಂದು ರೆಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಹಾಡಿನ ಹೆಸರು ‘ರ‍್ಯಾಪರ್ಸ್ ಡಿಲೈಟ್’, ತಂಡದ ಹೆಸರು ಶುಗರ್‌ಹಿಲ್ ಗ್ಯಾಂಗ್, ಪೂರ್ತಿ ಹಾಡಿನ ಉದ್ದ 14 ನಿಮಿಷ 35 ಸೆಕೆಂಡು. ವಂಡರ್ ಮೈಕ್, ಬಿಗ್ ಬ್ಯಾಂಕ್ ಹ್ಯಾಂಕ್, ಮಾಸ್ಟರ್ ಜೀ ಎಂಬ ಮೂವರು ಸರದಿಯ ಮೇಲೆ ಬಂದು ತಮ್ಮ ತಮ್ಮ ಬಡಾಯಿಯನ್ನು ಪ್ರಾಸ ಕಟ್ಟಿ ಹೇಳುತ್ತಾರೆ. ಹ್ಯಾಂಕ್ ಅವರ ಸರದಿ ಬಂದಾಗ ಅವರು ‘ನಾನು ಯಾರು ಗೊತ್ತಾ’ ಎನ್ನುವ ಧಾಟಿಯಲ್ಲಿ ಒಂದು ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತಾರೆ. ಸಿ, ಎ, ಎಸ್ ಎಂದು ಶುರುವಾಗುವ ಆ ಅಕ್ಷರಗಳನ್ನು ಕೂಡಿಸಿದರೆ ‘ಕ್ಯಾಸನೋವಾ’ ಆಗುತ್ತದೆ. ಉಳಿದದ್ದು ಎಫ್, ಎಲ್, ವೈ.

ಅದು ಹ್ಯಾಂಕ್ ಅವರ ಹೆಸರಲ್ಲ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿದ್ದ ಇನ್ನೊಬ್ಬ ಎಂಸಿಯ, ಅಂದರೆ ಪಾರ್ಟಿಯಲ್ಲಿ ಮೈಕ್ ಹಿಡಿದು ಪ್ರಾಸ ಹೇಳುವವರ, ಹೆಸರು. ಮುಂದೆ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಎಂದು ಪ್ರಸಿದ್ಧರಾದ ಅವರು ಅದಕ್ಕೂ ಮುಂಚೆ ಕ್ಯಾಸನೋವಾ ಫ್ಲೈ ಎಂಬ ಹೆಸರಿನಲ್ಲಿ ಮೈಕ್ ಹಿಡಿಯುತ್ತಿದ್ದರು.

ವಚನ ಓದಿದವರಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. ‘ಕೂಡಲಸಂಗಮದೇವಾ’ ಎಂದು ಮುಗಿಯುವ ಮಾತನ್ನು ಬೇರೊಬ್ಬರು ತಮ್ಮದೆಂದು ಹೇಳಿಕೊಂಡರೆ ಅಂಕಿತವೇ ಎದ್ದು ಸಾಕ್ಷಿ ನುಡಿಯುತ್ತದೆ. ಇಲ್ಲಿ ಹಾಗೆಯೇ ಆಯಿತು. ಅಂಕಿತ ಹಾಡಿನೊಳಗೆ ಉಳಿಯಿತು, ರೆಕಾರ್ಡಿನ ಮೇಲಿನ ಲೇಬಲ್ಲಿನಲ್ಲಿ ಮಾತ್ರ ಬರೆದವರ ಹೆಸರು ಬರಲಿಲ್ಲ.

ಹಿಪ್-ಹಾಪ್‌ನಲ್ಲಿ ಹೆಸರಿಲ್ಲದೆ ಬರೆದುಕೊಡುವ ಪದ್ಧತಿ, ಅಂದರೆ ಘೋಸ್ಟ್‌ರೈಟಿಂಗ್, ಮತ್ತು ಅಸಲಿತನದ ಬಗ್ಗೆ ಎಷ್ಟೇ ಚರ್ಚೆ ನಡೆದರೂ ಅದು ಕೊನೆಗೆ ಈ ಒಂದು ಹಾಡಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಇದೇ ರೆಕಾರ್ಡು ಎರಡು ಕಡೆಯಿಂದ ಎರವಲು ತಂದಿತ್ತು. ಬೇಸ್‌ಲೈನನ್ನು (ಬೇಸ್ ಗಿಟಾರಿನ ನಡೆಯನ್ನು) ಶೀಕ್ ಎಂಬ ಡಿಸ್ಕೊ ತಂಡದಿಂದ, ಮಾತುಗಳನ್ನು ಕ್ಯಾಝ್ ಅವರಿಂದ. ಬೇಸ್‌ಲೈನಿನ ಒಡೆಯರಿಗೆ ಹೆಸರೂ ಸಿಕ್ಕಿತು, ಹಣವೂ ಸಿಕ್ಕಿತು. ಮಾತಿನ ಒಡೆಯರಿಗೆ ಎರಡೂ ಸಿಗಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಎರಡು ಸಾಲದಲ್ಲಿ ಒಂದು ಮಾತ್ರ ತೀರಿದ್ದು ಏಕೆ ಎಂಬುದೇ ಈ ಬರಹದ ವಿಷಯ.

ಆಗಿನ ಕಟ್ಟಳೆ

1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520, ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಹಿಪ್-ಹಾಪ್‌ನ ಹುಟ್ಟು ಎಂದು ಲೆಕ್ಕ ಹಿಡಿಯುವುದು ರೂಢಿ. ಅಲ್ಲಿಂದ ಆರು ವರ್ಷ ರ‍್ಯಾಪ್ ಬದುಕಿದ್ದು ಪಾರ್ಟಿಗಳಲ್ಲಿ, ಪಾರ್ಕುಗಳಲ್ಲಿ, ಆ ಪಾರ್ಟಿಗಳನ್ನು ಧ್ವನಿಮುದ್ರಿಸಿಕೊಂಡ ಕ್ಯಾಸೆಟ್ಟುಗಳಲ್ಲಿ. ಡಿಜೆ ಮುಖ್ಯ, ಎಂಸಿ ಅವನ ಪಕ್ಕದವನು. ಇದನ್ನು ರೆಕಾರ್ಡ್ ಮಾಡಿ ಮಾರಬಹುದೆಂದು ಆಡುವವರಲ್ಲೇ ಹೆಚ್ಚಿನವರಿಗೆ ಅನ್ನಿಸಿರಲಿಲ್ಲ.

ಎಂಸಿಯ ಆಸ್ತಿ ಎಂದರೆ ಒಂದು ನೋಟ್‌ಬುಕ್ಕು. ದಿನವೂ ಬರೆದು, ತಿದ್ದಿ, ಪಾರ್ಟಿಯಲ್ಲಿ ಹೇಳಿ ನೋಡಿ, ಜನ ಕುಣಿದ ಸಾಲನ್ನು ಉಳಿಸಿಕೊಂಡು, ಕುಣಿಯದ್ದನ್ನು ಹೊಡೆದುಹಾಕಿ ಕಟ್ಟಿದ ಪುಸ್ತಕ. ಇನ್ನೊಬ್ಬರ ಸಾಲನ್ನು ಎತ್ತಿ ಹೇಳುವುದಕ್ಕೆ ‘ಬೈಟಿಂಗ್’ ಎಂದು ಹೆಸರಿತ್ತು, ಕಚ್ಚುವುದು ಎಂದರ್ಥ. ಅದಕ್ಕಿಂತ ದೊಡ್ಡ ಅವಮಾನ ಆ ಬಳಗದಲ್ಲಿ ಇರಲಿಲ್ಲ. ಆದರೆ ಆ ಕಟ್ಟಳೆಯನ್ನು ಕಾಯುತ್ತಿದ್ದವರು ಎದುರಿಗೆ ನಿಂತ ಜನ. ಯಾವ ಸಾಲು ಯಾರದು ಎಂದು ಅವರಿಗೆ ಗೊತ್ತಿರುತ್ತಿತ್ತು, ಕದ್ದವನನ್ನು ಅಲ್ಲೇ ಕೂಗಿ ಇಳಿಸುತ್ತಿದ್ದರು. ಬ್ರಾಂಕ್ಸ್‌ನ ಆಚೆ ಈ ಕಾವಲು ಕೆಲಸಕ್ಕೆ ಬರುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಅಚ್ಚಾದ ರೆಕಾರ್ಡನ್ನು ಲಂಡನ್ನಿನಲ್ಲಿ ಕೊಂಡವನಿಗೆ ಕ್ಯಾಸನೋವಾ ಫ್ಲೈ ಯಾರೆಂದು ಗೊತ್ತಾಗುವುದಾದರೂ ಹೇಗೆ?

ನೋಟ್‌ಬುಕ್ಕು ಕೈ ಬದಲಾದದ್ದು

ಶುಗರ್ ಹಿಲ್‌ನ ಒಡತಿ ಸಿಲ್ವಿಯಾ ರಾಬಿನ್ಸನ್ ಸ್ವತಃ ಗಾಯಕಿ, ನಿರ್ಮಾಪಕಿ. ಪಾರ್ಟಿಯೊಂದರಲ್ಲಿ ಡಿಜೆಯ ಸಂಗೀತದ ಮೇಲೆ ಮಾತು ಹೇಳುವುದನ್ನು ಕೇಳಿ, ಇದನ್ನು ರೆಕಾರ್ಡ್ ಮಾಡಬೇಕೆಂದು ನಿರ್ಧರಿಸಿ ಹುಡುಗರಿಗಾಗಿ ಹುಡುಕಾಡಿದರು. ಹ್ಯಾಂಕ್ ಆಗ ಎಂಗಲ್‌ವುಡ್‌ನ ಪಿಜ್ಜಾ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಬ್ರಾಂಕ್ಸ್‌ನಲ್ಲಿ ಕ್ಯಾಝ್ ಅವರ ತಂಡದ ಬೇಕುಬೇಡಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಥರ ಇದ್ದರು. ಅಂಗಡಿಯಲ್ಲಿ ಕ್ಯಾಝ್ ಅವರ ಟೇಪ್ ಹಾಕಿಕೊಂಡು ಅದರ ಜೊತೆ ತಾವೂ ಹೇಳುತ್ತ ಕೆಲಸ ಮಾಡುತ್ತಿದ್ದಾಗ ರಾಬಿನ್ಸನ್ ಅವರ ಮಗನ ಕಿವಿಗೆ ಬಿದ್ದರು. ಆಯ್ಕೆಯೂ ಆದರು.

ಹ್ಯಾಂಕ್ ಬಳಿ ಸ್ವಂತದ ಸಾಲುಗಳಿರಲಿಲ್ಲ. ಅವರು ಕ್ಯಾಝ್ ಹತ್ತಿರ ಹೋದರು. ಕ್ಯಾಝ್ ಅನೇಕ ಸಲ ಹೇಳಿಕೊಂಡಿರುವಂತೆ, ತಮ್ಮ ನೋಟ್‌ಬುಕ್ಕನ್ನು ಮುಂದಿಟ್ಟು ಬೇಕಾದ್ದನ್ನು ತೆಗೆದುಕೋ ಎಂದರು. ಗೆಳೆಯ ಮೇಲೆ ಬಂದರೆ ತಮಗೂ ಬಾಗಿಲು ತೆರೆದೀತು ಎಂಬ ನಂಬಿಕೆ. ಎಷ್ಟು ಸಾಲು, ಯಾವ ಹಾಡಿಗೆ, ಎಷ್ಟು ಹಣ, ಯಾರ ಹೆಸರು ಎಂಬ ಮಾತೇ ಬರಲಿಲ್ಲ.

ಇಡೀ ಪ್ರಕರಣದ ಗಂಟು ಇಲ್ಲಿದೆ, ಇದನ್ನು ಬಿಡಿಸಿ ನೋಡಬೇಕು. ಬರೆದುಕೊಡುವ ಒಪ್ಪಂದದಲ್ಲಿ ಮೂರು ಸಂಗತಿ ಇರುತ್ತವೆ: ಬಳಸಲು ಒಪ್ಪಿಗೆ, ಬರೆದದ್ದಕ್ಕೆ ಹಣ, ಹೆಸರು ಹೇಳಬಾರದೆಂಬ ಷರತ್ತು. ಕ್ಯಾಝ್ ಕೊಟ್ಟದ್ದು ಮೊದಲನೆಯದನ್ನು ಮಾತ್ರ. ಹಣ ಬರಲಿಲ್ಲ, ಸುಮ್ಮನಿರುತ್ತೇನೆಂದು ಅವರು ಒಪ್ಪಿಯೂ ಇರಲಿಲ್ಲ. ಹಾಗಾಗಿ ಇದನ್ನು ಬರೀ ಕಳ್ಳತನ ಎನ್ನುವುದೂ ಪೂರ್ತಿ ಸರಿಯಲ್ಲ, ಘೋಸ್ಟ್‌ರೈಟಿಂಗ್ ಎನ್ನುವುದೂ ಸರಿಯಲ್ಲ. ಕೊಟ್ಟ ಒಪ್ಪಿಗೆಯ ಹಿಂದೆ ಅಡಗಿಕೊಂಡು ಉಳಿದೆರಡನ್ನು ನುಂಗಿಹಾಕಿದ ಪ್ರಕರಣ ಇದು, ಮತ್ತು ನಮ್ಮ ಮಟ್ಟಿಗೆ ಕಳ್ಳತನಕ್ಕಿಂತ ಇದೇ ಹೆಚ್ಚು ನೋಯಿಸುವಂಥದ್ದು. ಕಳ್ಳನ ಮೇಲೆ ದೂರು ಕೊಡಬಹುದು. ನೀನೇ ಕೊಟ್ಟೆಯಲ್ಲ ಎಂದರೆ ಬಾಯಿ ಕಟ್ಟಿಹೋಗುತ್ತದೆ.

ಹೆಸರನ್ನು ಬದಲಿಸಲಿಲ್ಲವೇಕೆ

ಬೇರೆಯವರ ಹೆಸರನ್ನು ಹಾಗೇ ಹೇಳಿದ್ದು ಅಜಾಗರೂಕತೆ ಎಂದು ಹೇಳಿ ಮುಗಿಸುವವರೇ ಹೆಚ್ಚು. ಆ ಸಾಲನ್ನು ಹತ್ತಿರದಿಂದ ನೋಡಿದರೆ ಬದಲಿಸುವುದು ಸುಲಭವೂ ಆಗಿರಲಿಲ್ಲ ಎಂದು ಕಾಣುತ್ತದೆ.

ರ‍್ಯಾಪ್‌ನ ಒಂದು ಸಾಲು ಸಾಮಾನ್ಯವಾಗಿ ನಾಲ್ಕು ತಾಳದ ಪೆಟ್ಟಿನ ಒಂದು ಬಾರ್‌ನಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಕ್ಯಾಸನೋವಾ ಎಂಟು ಅಕ್ಷರ, ಫ್ಲೈ ಮೂರು, ಒಟ್ಟು ಹನ್ನೊಂದು. ಅಕ್ಷರ ಬಿಡಿಸಿ ಹೇಳುವಾಗ ಬಹುತೇಕ ಪ್ರತಿ ಅಕ್ಷರದ ಹೆಸರೂ ಒಂದು ಉಚ್ಚಾರವಾಗಿ ಬಾರ್ ತುಂಬುತ್ತದೆ. ಸಾಲಿನ ಕೊನೆಯ ಅಕ್ಷರ ‘ವೈ’. ಮುಂದಿನ ಸಾಲು ಮುಗಿಯುವುದು ‘ಏಕೆಂದು ಹೇಳುತ್ತೇನೆ’ ಎಂಬ ಅರ್ಥದ ಮಾತಿನಿಂದ, ಅದರ ಕೊನೆಯ ಇಂಗ್ಲಿಷ್ ಪದದ ಉಚ್ಚಾರವೂ ‘ವೈ’. ಹೆಸರೇ ಅಂತ್ಯಪ್ರಾಸದ ಗೂಟ. ಅದನ್ನು ಕಿತ್ತರೆ ಮುಂದಿನ ಸಾಲೂ ಕುಸಿಯುತ್ತದೆ. ಬಿಗ್ ಬ್ಯಾಂಕ್ ಹ್ಯಾಂಕ್ ಎಂಬುದನ್ನು ಅಲ್ಲಿ ಕೂರಿಸಬೇಕಾದರೆ ‘ಕೆ’ಗೆ ಹೊಂದುವ ಹೊಸ ಪ್ರಾಸ ಹುಡುಕಬೇಕು, ಎರಡೂ ಸಾಲನ್ನು ಮತ್ತೆ ಕಟ್ಟಬೇಕು. ಅದು ಬರೆಯುವವನ ಕೆಲಸ.

ಇನ್ನೊಂದು ಸುಳಿವೂ ಅಲ್ಲೇ ಇದೆ. ಆ ಜೋಡಿ ಸಾಲಿನಲ್ಲಿ ಹೇಳುವವನು ತನ್ನನ್ನು ಮಿಕ್ಸಿಂಗ್‌ನ ಡಾಕ್ಟರ್ ಎಂದು ಕರೆದುಕೊಳ್ಳುತ್ತಾನೆ. ಅದು ಟರ್ನ್‌ಟೇಬಲ್ ಮೇಲೆ ಕೈಯಾಡಿಸುವ ಡಿಜೆಯ ಬಡಾಯಿ. ಕ್ಯಾಝ್ ಎಂಸಿಯೂ ಹೌದು, ಡಿಜೆಯೂ ಹೌದು. ಅವರಿಗೆ ಒಪ್ಪುವ ಮಾತು. ಪಿಜ್ಜಾ ಅಂಗಡಿಯಿಂದ ಬಂದ ಹ್ಯಾಂಕ್ ಅವರ ಬಾಯಲ್ಲಿ ಅದಕ್ಕೆ ಬೇರಿಲ್ಲ. ಬರೆದವರು ಬೇರೆ ಎಂದು ಅನುಮಾನ ಬಂದಾಗ ಅನುಭವಸ್ಥರು ಮೊದಲು ನೋಡುವುದು ಇದನ್ನೇ: ಸಾಲಿನೊಳಗಿನ ‘ನಾನು’ ಎಂಬವನ ಕಸುಬು, ಬೀದಿ, ಗೆಳೆಯರು ಹೇಳುವವರ ಬದುಕಿಗೆ ಹೊಂದುತ್ತವೆಯೇ?

ಸಿನಿಮಾ ಹಾಡಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಬರೆದವರು ಒಬ್ಬರು, ಹಾಡಿದವರು ಒಬ್ಬರು, ತೆರೆಯ ಮೇಲೆ ತುಟಿ ಆಡಿಸಿದವರು ಇನ್ನೊಬ್ಬರು. ಮೂವರನ್ನೂ ನಾವು ಒಪ್ಪಿಕೊಂಡೇ ಕೇಳುತ್ತೇವೆ. ರ‍್ಯಾಪ್‌ನಲ್ಲಿ ‘ನಾನು’ ಎಂದರೆ ಮೈಕ್ ಹಿಡಿದವನೇ ಎಂಬ ಕರಾರು ಕೇಳುಗರ ಜೊತೆ ಇದೆ. ಬರೆದ ಕಾಗದಕ್ಕೂ ಈ ಕರಾರಿಗೂ ಸಂಬಂಧವಿಲ್ಲ, ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಬೇಸ್‌ಲೈನಿಗೆ ಹಣ, ಮಾತಿಗೆ ಇಲ್ಲ

ಶೀಕ್ ತಂಡದ ‘ಗುಡ್ ಟೈಮ್ಸ್’ 1979ರ ಆಗಸ್ಟ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಬೇಸ್‌ಲೈನಿಗಾಗಿ ಶುಗರ್ ಹಿಲ್ ಅದರ ಧ್ವನಿಮುದ್ರಣವನ್ನು ನಕಲು ಮಾಡಲಿಲ್ಲ. ವಾದಕರನ್ನು ಕೂರಿಸಿ ಅದೇ ಬೇಸ್‌ಲೈನನ್ನು ಮತ್ತೆ ನುಡಿಸಿತು. ಹಾಗೆ ಮಾಡಿದರೆ ಧ್ವನಿಮುದ್ರಣದ ಹಕ್ಕಿಗೆ ಧಕ್ಕೆ ಬರುವುದಿಲ್ಲ, ಸಂಯೋಜನೆಯ ಹಕ್ಕಿಗೆ ಬರುತ್ತದೆ. ಸಂಯೋಜಕರಾದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಇಬ್ಬರೂ ಆಗ ಉತ್ತುಂಗದಲ್ಲಿದ್ದವರು. ರಾಜರ್ಸ್ ನ್ಯೂಯಾರ್ಕ್‌ನ ಕ್ಲಬ್ ಒಂದರಲ್ಲಿ ಈ ರೆಕಾರ್ಡ್ ಕೇಳಿದರು. ಕಾನೂನು ಕ್ರಮದ ಎಚ್ಚರಿಕೆ ಹೋಯಿತು, ರಾಜಿಯಾಯಿತು, ಇಬ್ಬರ ಹೆಸರೂ ಬರೆದವರ ಸಾಲಿಗೆ ಸೇರಿತು.

ಕ್ಯಾಝ್ ಅವರ ಕೈಯಲ್ಲೂ ಹಕ್ಕು ಇತ್ತು, ಇದನ್ನು ಬಹಳ ಜನ ಮರೆಯುತ್ತಾರೆ. ಅಮೆರಿಕದ 1976ರ ಕಾಪಿರೈಟ್ ಕಾಯ್ದೆ 1978ರ ಜನವರಿ 1ರಿಂದ ಜಾರಿಗೆ ಬಂದಿತ್ತು. ಅದರ ಪ್ರಕಾರ ಕಾಗದದ ಮೇಲೆ ಬರೆದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ; ಅದಕ್ಕೂ ಮುಂಚೆ ಬರೆದು ಪ್ರಕಟವಾಗದೆ ಉಳಿದದ್ದಕ್ಕೂ ಅಂದಿನಿಂದ ಅದೇ ರಕ್ಷಣೆ. ಪಾರ್ಟಿಯಲ್ಲಿ ಆಶುವಾಗಿ ಹೇಳಿ ಗಾಳಿಗೆ ಬಿಟ್ಟಿದ್ದರೆ ಬೇರೆ ಮಾತು. ನೋಟ್‌ಬುಕ್ಕಿನಲ್ಲಿದ್ದ ಸಾಲು ಅವರದೇ. ಹಕ್ಕಿನ ಒಡೆತನ ವರ್ಗಾವಣೆಯಾಗಬೇಕಾದರೆ ಸಹಿ ಮಾಡಿದ ಬರಹ ಬೇಕು, ಅದು ಇರಲೇ ಇಲ್ಲ.

ಆದರೂ ಹಕ್ಕು ಕೆಲಸಕ್ಕೆ ಬರಲಿಲ್ಲ. ಬಾಯಿಮಾತಿನಿಂದ ಒಡೆತನ ಹೋಗುವುದಿಲ್ಲ, ಆದರೆ ಬಳಸುವ ಅನುಮತಿ ಬಾಯಿಮಾತಿನಲ್ಲೇ ಆಗುತ್ತದೆ. ಬೇಕಾದ್ದನ್ನು ತೆಗೆದುಕೋ ಎಂಬ ಒಂದು ಮಾತು ಸಾಕು, ಎದುರು ಪಕ್ಷದ ವಕೀಲರು ಅನುಮತಿ ಇತ್ತೆಂದು ವಾದಿಸುತ್ತಾರೆ. ಅಲ್ಲಿನ ಕೃತಿಗೆ ದಾವೆ ಹೂಡುವ ಮೊದಲು ಕಾಪಿರೈಟ್ ಕಚೇರಿಯಲ್ಲಿ ನೋಂದಣಿ ಆಗಿರಬೇಕು. ಉಲ್ಲಂಘನೆಗೆ ಮುಂಚೆಯೇ ನೋಂದಣಿ ಆಗಿದ್ದರೆ ಮಾತ್ರ ಕಾಯ್ದೆ ಗೊತ್ತುಮಾಡಿದ ಪರಿಹಾರ ಕೇಳಬಹುದು. ಇಲ್ಲದಿದ್ದರೆ ಆದ ನಷ್ಟವನ್ನು ಪೈಸೆ ಪೈಸೆಯಾಗಿ ಸಾಬೀತುಮಾಡಬೇಕು. ದಾವೆಗೆ ಮೂರು ವರ್ಷದ ಗಡುವು. ನನ್ನ ಹೆಸರು ಹಾಕು ಎಂದು ಕೇಳುವ ನೈತಿಕ ಹಕ್ಕು ಹಾಡು ಬರೆದವರಿಗೆ ಅಮೆರಿಕದ ಕಾಪಿರೈಟ್ ಕಾಯ್ದೆಯಲ್ಲಿ ಇವತ್ತಿಗೂ ಇಲ್ಲ. ಪ್ರಕಾಶನ ಕಂಪನಿ, ವಕೀಲರು, ನೋಂದಾಯಿತ ಕೃತಿ ಎಲ್ಲವೂ ಶೀಕ್ ಕಡೆ ಇದ್ದವು. ಈ ಕಡೆ ಇದ್ದದ್ದು ಒಬ್ಬ ಹುಡುಗ, ಒಂದು ನೋಟ್‌ಬುಕ್ಕು.

ಎಷ್ಟು ಹಣದ ಮಾತು?

ಪ್ರತಿ ರೆಕಾರ್ಡಿಗೆ ಬರೆದವರಿಗೆ ಸಲ್ಲಬೇಕಾದ ಮೆಕ್ಯಾನಿಕಲ್ ರಾಯಲ್ಟಿಯ ಶಾಸನಬದ್ಧ ದರ ಆಗ ಹಾಡಿಗೆ 2.75 ಸೆಂಟ್ ಅಥವಾ ನಿಮಿಷಕ್ಕೆ ಅರ್ಧ ಸೆಂಟ್, ಎರಡರಲ್ಲಿ ಯಾವುದು ಹೆಚ್ಚೋ ಅದು. ನಿಮಿಷದ ಭಾಗವನ್ನೂ ಪೂರ್ತಿ ನಿಮಿಷವೆಂದೇ ಎಣಿಸಬೇಕು. 14 ನಿಮಿಷ 35 ಸೆಕೆಂಡಿಗೆ 15 ನಿಮಿಷ ಹಿಡಿದರೆ ಪ್ರತಿಗೆ ಏಳೂವರೆ ಸೆಂಟ್. ಸಂಗೀತಕ್ಕೆ ಅರ್ಧ, ಮಾತಿಗೆ ಅರ್ಧ ಎಂಬ ಸಾಮಾನ್ಯ ಹಂಚಿಕೆ ಹಿಡಿಯೋಣ: ಮಾತಿಗೆ 3.75 ಸೆಂಟ್. ಮೂವರು ರ‍್ಯಾಪರ್‌ಗಳ ಪಾಲು ಸಮ ಎಂದುಕೊಂಡರೆ ಹ್ಯಾಂಕ್ ಹೇಳಿದ ಭಾಗಕ್ಕೆ 1.25 ಸೆಂಟ್. ಆ ಭಾಗ ಪೂರ್ತಿ ಕ್ಯಾಝ್ ಅವರದೇ ಎಂದಾದರೆ ಹತ್ತು ಲಕ್ಷ ಪ್ರತಿಗೆ 12,500 ಡಾಲರ್.

ಇದು ಲೆಕ್ಕದ ಮಾದರಿ, ನಡೆದ ಪಾವತಿಯ ಪಟ್ಟಿಯಲ್ಲ. ಕಂಪನಿಗಳು ಶಾಸನಬದ್ಧ ದರಕ್ಕಿಂತ ಕಡಿಮೆಗೆ ಒಪ್ಪಿಸುವುದುಂಟು, ಸಂಗೀತದ ಒಡೆಯರು ಅರ್ಧಕ್ಕಿಂತ ಹೆಚ್ಚು ಕೇಳುವುದೂ ಉಂಟು. ಮೊತ್ತ ಅಷ್ಟೇನೂ ದೊಡ್ಡದಲ್ಲ ಅನ್ನಿಸಬಹುದು. ನಿಜವಾದ ನಷ್ಟ ರೇಡಿಯೊದಲ್ಲಿದೆ. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೊ ಹಣ ಕೊಡುವುದು ಹಾಡಿದವರಿಗಲ್ಲ, ಬರೆದವರಿಗೆ ಮತ್ತು ಪ್ರಕಾಶಕರಿಗೆ. ಹಾಡು ಪ್ರಸಾರವಾದಷ್ಟು ದಿನವೂ, ಜಾಹೀರಾತಿಗೆ ಹೋದಾಗಲೂ, ಇನ್ನೊಬ್ಬರು ಅದರ ತುಣುಕು ಬಳಸಿದಾಗಲೂ ಬರೆದವರ ಪಟ್ಟಿಯಲ್ಲಿ ಹೆಸರಿದ್ದವರ ಮನೆಗೆ ಚೆಕ್ ಹೋಗುತ್ತದೆ. ‘ರ‍್ಯಾಪರ್ಸ್ ಡಿಲೈಟ್’ ಹಾಟ್ 100ರಲ್ಲಿ 36ನೇ ಸ್ಥಾನಕ್ಕೇರಿತು, ಮೊದಲ 40ರೊಳಗೆ ಬಂದ ಮೊದಲ ರ‍್ಯಾಪ್ ಹಾಡು ಅದು. ಬ್ರಿಟನ್ನಿನಲ್ಲಿ 3ನೇ ಸ್ಥಾನ. ನಲವತ್ತು ವರ್ಷ ದಾಟಿದರೂ ಇನ್ನೂ ಕೇಳಿಸುತ್ತಿರುವ ಹಾಡಿನಲ್ಲಿ ಪಟ್ಟಿಯ ಒಂದು ಸಾಲು ತಪ್ಪಿಹೋಗುವುದೆಂದರೆ ಪಿಂಚಣಿ ತಪ್ಪಿಹೋದ ಹಾಗೆ.

ಹೆಸರಿದ್ದೂ ಉಳಿದ ಪ್ರಶ್ನೆ

ಹೆಸರು ಅಚ್ಚಾದರೆ ಎಲ್ಲ ಸರಿಹೋಗುತ್ತದೆಯೇ? 2015 ಅದಕ್ಕೆ ಉತ್ತರ ಕೊಟ್ಟಿತು. ಆ ವರ್ಷದ ಫೆಬ್ರವರಿಯಲ್ಲಿ ಬಂದ ರ‍್ಯಾಪರ್ ಡ್ರೇಕ್ ಅವರ ಸಂಗ್ರಹದ ಹಲವು ಹಾಡುಗಳಿಗೆ ಕ್ವೆಂಟಿನ್ ಮಿಲ್ಲರ್ ಎಂಬ ಅಟ್ಲಾಂಟಾದ ಬರಹಗಾರರ ಹೆಸರು ಕ್ರೆಡಿಟ್‌ನಲ್ಲೇ ಇತ್ತು. ಐದು ತಿಂಗಳು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜುಲೈನಲ್ಲಿ ಫಿಲಡೆಲ್ಫಿಯಾದ ರ‍್ಯಾಪರ್ ಮೀಕ್ ಮಿಲ್, ಡ್ರೇಕ್ ತಮ್ಮ ಸಾಲುಗಳನ್ನು ತಾವೇ ಬರೆಯುವುದಿಲ್ಲ ಎಂದು ಟ್ವೀಟ್ ಮಾಡಿದರು. ನ್ಯೂಯಾರ್ಕ್‌ನ ಹಾಟ್ 97 ರೇಡಿಯೊದಲ್ಲಿ ಫಂಕ್‌ಮಾಸ್ಟರ್ ಫ್ಲೆಕ್ಸ್ ಎಂಬ ಡಿಜೆ ಅದೇ ಸಂಗ್ರಹದ ‘10 ಬ್ಯಾಂಡ್ಸ್’ ಹಾಡಿನ ರೆಫರೆನ್ಸ್ ಟ್ರ್ಯಾಕ್ ಹಾಕಿದರು, ಅದರಲ್ಲಿದ್ದದ್ದು ಮಿಲ್ಲರ್ ಅವರ ದನಿ. ಗಲಾಟೆ ಎದ್ದದ್ದು ಆಗ.

ರೆಫರೆನ್ಸ್ ಟ್ರ್ಯಾಕ್ ಎಂದರೆ ಬರೆದವರು ಬೀಟ್ ಮೇಲೆ ತಾವೇ ಹೇಳಿ ಕಳಿಸುವ ಮಾದರಿ ಧ್ವನಿಮುದ್ರಣ. ಕಾಗದದಲ್ಲಿ ಪದ ಮಾತ್ರ ಹೋಗುತ್ತದೆ. ರೆಫರೆನ್ಸ್‌ನಲ್ಲಿ ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪೆಟ್ಟಿಗಿಂತ ಕೂದಲೆಳೆ ಹಿಂದೆ ಪದ ಬೀಳಬೇಕು ಎಂಬುದೂ ಹೋಗುತ್ತದೆ. ಅದನ್ನೇ ಫ್ಲೋ ಎನ್ನುವುದು, ರ‍್ಯಾಪರ್‌ನ ಗುರುತು ಎಂದು ಜನ ನಂಬಿರುವುದೂ ಅದನ್ನೇ. ಕ್ರೆಡಿಟ್ ಪಟ್ಟಿಯಲ್ಲಿ ಒಂದು ಹೆಸರು ಓದಿದರೆ ಅದು ಒಂದು ಪದ ಕೊಟ್ಟವರೋ ಇಡೀ ಫ್ಲೋ ಕೊಟ್ಟವರೋ ತಿಳಿಯುವುದಿಲ್ಲ. ಕಿವಿಗೆ ಬಿದ್ದರೆ ಗುಟ್ಟು ಉಳಿಯುವುದಿಲ್ಲ. ಮಿಲ್ಲರ್ ಮಾತ್ರ ತಾವು ಘೋಸ್ಟ್‌ರೈಟರ್ ಅಲ್ಲ, ಜೊತೆಗೂಡಿ ಕೆಲಸ ಮಾಡಿದವರು ಎಂದು ಬಹಿರಂಗವಾಗಿ ಹೇಳಿದರು. ಹೆಸರು ಅಚ್ಚಾಗಿದ್ದ ಕಾರಣ ಆ ಮಾತಿಗೆ ಆಧಾರವಿತ್ತು.

ಎರಡು ಪ್ರಕರಣ ಅಕ್ಕಪಕ್ಕ ಇಟ್ಟರೆ ಅವು ತಿರುವುಮುರುವು. 1979ರಲ್ಲಿ ಬರೆದವರ ಹೆಸರು ಹಾಡಿನಲ್ಲಿತ್ತು, ಪಟ್ಟಿಯಲ್ಲಿರಲಿಲ್ಲ. 2015ರಲ್ಲಿ ಪಟ್ಟಿಯಲ್ಲಿತ್ತು, ಹಾಡಿನಲ್ಲಿರಲಿಲ್ಲ. ಮೊದಲನೆಯದರಲ್ಲಿ ಮೋಸ ಹೋದವರು ಬರಹಗಾರರು. ಎರಡನೆಯದರಲ್ಲಿ, ಮೋಸ ಎಂದು ಕರೆಯುವುದಾದರೆ, ಕೇಳುಗರು. ಬೇರೆಯವರು ಬರೆದದ್ದನ್ನು ಹೇಳಿಯೂ ಬೈಸಿಕೊಳ್ಳದ ರ‍್ಯಾಪರ್‌ಗಳೂ ಇದ್ದಾರೆ. ‘ಬಾಯ್ಸ್-ಎನ್-ದ-ಹುಡ್’ ಬರೆದದ್ದು ಐಸ್ ಕ್ಯೂಬ್, ಹೇಳಿದ್ದು ಈಝಿ-ಈ. ಡಾಕ್ಟರ್ ಡ್ರೇ ಅವರ ‘ಸ್ಟಿಲ್ ಡಿ.ಆರ್.ಇ.’ಗೆ ಜೇ-ಝೀ ಬರೆದದ್ದು ಎಲ್ಲರಿಗೂ ಗೊತ್ತು. ಡ್ರೇ ಅವರನ್ನು ಯಾರೂ ಬೈಯುವುದಿಲ್ಲ, ಏಕೆಂದರೆ ಅವರು ತಾನು ದೊಡ್ಡ ಕವಿ ಎಂದು ಹೇಳಿಕೊಂಡವರಲ್ಲ, ಬೀಟ್ ಕಟ್ಟುವವರು. ತಾನೇ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತೇನೆ ಎಂದವರನ್ನೇ ಜನ ಈ ಪ್ರಶ್ನೆ ಕೇಳುವುದು, ಕೇಳುವುದು ಸರಿಯೂ ಹೌದು.

ಇಲ್ಲಿ ಬರೆದುಕೊಡುವವರಿಗೆ

ಕನ್ನಡದಲ್ಲೂ ರ‍್ಯಾಪ್ ಬರೆದುಕೊಡುವವರಿದ್ದಾರೆ, ಸಿನಿಮಾಕ್ಕೂ ಜಾಹೀರಾತಿಗೂ. ನಮ್ಮ ಕಾಯ್ದೆ ಅವರ ಪಾಲಿಗೆ ಅಮೆರಿಕದ್ದಕ್ಕಿಂತ ಗಟ್ಟಿ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ನಿನಂತೆ ಹಕ್ಕನ್ನು ಮಾರಿದ ಮೇಲೂ ಇದನ್ನು ಬರೆದದ್ದು ನಾನು ಎಂದು ಹೇಳಿಕೊಳ್ಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಲೆಕ್ಕ. 2012ರ ತಿದ್ದುಪಡಿಯ ನಂತರ ಸಿನಿಮಾ ಅಥವಾ ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯದ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ವಾರಸುದಾರರಿಗೋ ಕಾಪಿರೈಟ್ ಸೊಸೈಟಿಗೋ ಬಿಟ್ಟರೆ ಬೇರೆಯವರಿಗೆ ಬರೆದುಕೊಡುವಂತೆಯೇ ಇಲ್ಲ. ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಆ ಹಣ ಕೈಗೆ ಬರಬೇಕಾದರೆ ಹಾಡು ಬರೆದವರ, ಸಂಯೋಜಕರ ಕಾಪಿರೈಟ್ ಸೊಸೈಟಿಯಾದ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ ಹಾಡನ್ನು ಅಲ್ಲಿ ದಾಖಲಿಸಿರಬೇಕು.

ಇಷ್ಟಿದ್ದೂ ಕೈತಪ್ಪುವುದು ಕ್ಯಾಝ್ ಅವರಿಗೆ ತಪ್ಪಿದ ಜಾಗದಲ್ಲೇ: ಸ್ಟುಡಿಯೋದಲ್ಲಿ ಗೆಳೆಯ ಕೇಳುತ್ತಾನೆ, ಫೋನಿನ ನೋಟ್ಸ್ ತೆರೆದು ಕೊಟ್ಟುಬಿಡುತ್ತೇವೆ. ಬರೆದವರ ಪಾಲು ನಮೂದಿಸುವ ಸ್ಪ್ಲಿಟ್ ಶೀಟನ್ನು ಹಾಡು ಮುಗಿದ ದಿನವೇ ತುಂಬಬೇಕು. ಒಟ್ಟು ಶೇ. 100 ಆಗಬೇಕು, ಪ್ರತಿ ಹೆಸರಿನ ಮುಂದೆ ಮಾತಿನ ಪಾಲು, ಸಂಗೀತದ ಪಾಲು ಬೇರೆ ಬೇರೆ ಬರೆದು ಎಲ್ಲರ ಸಹಿ ಬೀಳಬೇಕು. ಹಾಡು ಹಿಟ್ ಆದ ಮೇಲೆ ಕೂತರೆ ಯಾರ ನೆನಪೂ ಇನ್ನೊಬ್ಬರ ನೆನಪಿಗೆ ಹೊಂದುವುದಿಲ್ಲ. ರೆಫರೆನ್ಸ್ ಕಳಿಸಿದರೆ ಅದು ಯಾರ ಸ್ವತ್ತು, ಹಾಡು ಬಿಡುಗಡೆಯಾದ ಮೇಲೆ ಅಳಿಸಬೇಕೋ ಇಟ್ಟುಕೊಳ್ಳಬಹುದೋ ಎಂಬುದನ್ನೂ ಅಲ್ಲೇ ಬರೆಯಬೇಕು. ಹೆಸರು ಬೇಡ, ಹಣ ಸಾಕು ಎನ್ನುವವರು ಅದನ್ನೂ ಸ್ಪಷ್ಟವಾಗಿ ಬರೆದು ಮೊತ್ತ ನಮೂದಿಸಲಿ. ಅದು ಅವರ ಇಷ್ಟ, ಅದರಲ್ಲಿ ಅವಮಾನವೇನಿಲ್ಲ.

ಕಾಗದಕ್ಕೆ ಸಮಯವಿಲ್ಲದ ರಾತ್ರಿಯಾದರೆ ಸಾಲುಗಳನ್ನು ಕೊಡುವ ಮೊದಲು ಒಂದು ಮೆಸೇಜು ಹಾಕಿ, ಎದುರಿನವರಿಂದ ‘ಒಪ್ಪಿದೆ’ ಎಂದು ಉತ್ತರ ಬಂದ ಮೇಲೆ ಕೊಡಬಹುದು. ಹೀಗೆ ಬರೆದರೆ ಸಾಕು: “ಕೆಳಗಿನ 16 ಸಾಲು ನಾನು ಬರೆದದ್ದು. ಈ ಒಂದು ಹಾಡಿಗೆ ಮಾತ್ರ ಬಳಸಲು ಕೊಡುತ್ತಿದ್ದೇನೆ, ಹಕ್ಕು ನನ್ನಲ್ಲೇ ಇರುತ್ತದೆ. ಸಾಹಿತ್ಯದ ಕ್ರೆಡಿಟ್‌ನಲ್ಲಿ ನನ್ನ ಹೆಸರು ಬರಬೇಕು. ಪಾಲು ಎಷ್ಟೆಂದು ಬಿಡುಗಡೆಗೆ ಮುಂಚೆ ಸ್ಪ್ಲಿಟ್ ಶೀಟ್‌ನಲ್ಲಿ ಬರೆದು ಸಹಿ ಮಾಡೋಣ. ಅಲ್ಲಿಯವರೆಗೆ ಅಪ್‌ಲೋಡ್ ಮಾಡಬೇಡ.”